ಕಡ್ಡಿಪೆಟ್ಟಿಗೆ

ಕೋಡಿಬಾಗದ ಧಕ್ಕೆಯಲ್ಲಿ ದೋಣಿ ಹತ್ತುವಾಗ
ಕೈ ಕೊಟ್ಟವನು ಜುಜೆ.
ನಿಮ್ಮ ಎರಡೂ ಕೈಯಲ್ಲಿ ಚೀಲವಿತ್ತು.

ಮದುವೆಯಾಗಿ ನಲವತ್ತೊಂದು ದಿನ.
ನನಗೆ ನಲವತ್ತಾರು, ನಿಮಗೆ ಐವತ್ತೆರಡು.
ಶಿರಸಿಯ ಕಾನ್ವೆಂಟಿಗೆ ಕ್ರಿಸ್‌ಮಸ್ ರಜೆ ಹತ್ತು ದಿನ,
ನಿಮ್ಮ ಬಂದರು ಕಚೇರಿಗೆ ಒಂದೇ.
ಇನ್ನೊಂದನ್ನು ಸಾಹೇಬರ ಮುಂದೆ ನಿಂತು
ಕಾರಣದ ಜಾಗದಲ್ಲಿ 'ಕೌಟುಂಬಿಕ' ಎಂದು ಬರೆದು ತಂದಿರಿ.
ಅಷ್ಟು ಬರೆಯಲು ಎರಡು ಸಲ ಪೆನ್ನು ಜಾಡಿಸಬೇಕಾಯಿತೆಂದು
ಆಮೇಲೆ, ಎಂಜಿನ್ನಿನ ಸದ್ದಿನಲ್ಲಿ ಹೇಳಿದಿರಿ.

ಅಳಿವೆಯಲ್ಲಿ ಕಾಳಿಯ ಕಂದು ನೀರು
ಕಡಲಿಗೆ ಒಮ್ಮೆಗೇ ಬೆರೆಯುವುದಿಲ್ಲ.
ನಡುವೆ ಒಂದು ಗೆರೆ; ಗೆರೆಯ ಮೇಲೆ
ನೊರೆ, ತೆಂಗಿನ ಚಿಪ್ಪು, ಯಾರದೋ ಹವಾಯಿ ಚಪ್ಪಲಿ.
ಜುಜೆ ಎಂಜಿನ್ ತಗ್ಗಿಸಿ ದಾಟಿಸಿದ,
ಮಲಗಿದವರನ್ನು ದಾಟಬೇಕಾಗಿ ಬಂದವರ ಹಾಗೆ.

ಕೂರ್ಮಗಡ ಆಮೆಯಂತೆ ಕಾಣುತ್ತದಂತೆ.
ನನಗೆ ಕಾಣಲಿಲ್ಲ.
ತಲೆ ಅಗೋ, ಬೆನ್ನು ಇಗೋ ಎಂದು ನೀವು ತೋರಿಸುತ್ತಲೇ ಹೋದಿರಿ,
ನಾನು ಹೂಂಗುಟ್ಟುತ್ತ ಬೆರಳನ್ನೇ ನೋಡಿದೆ:
ಸ್ಟಾಂಪ್ ಪ್ಯಾಡಿನ ನೇರಳೆ ಇನ್ನೂ ಉಗುರಿನ ಸಂದಿಯಲ್ಲಿ.

"ಸಕಾಳಿಂ ಯೆತಾಂ, ಬಾಯೆ" ಎಂದು ಜುಜೆ ಹೊರಟ.
ಬೆಳಿಗ್ಗೆ ಬರುತ್ತಾನೆ. ರಾತ್ರಿ ಅವನಿಗೆ ಇಗರ್ಜಿ.

ಡೇರೆಯ ಮುಂದೆ ಚೀಲ ಬಿಚ್ಚಿದೆವು.
ನನ್ನದರಲ್ಲಿ ಒಂದು ತಟ್ಟೆ, ಒಂದು ಲೋಟ, ಒಂದು ಟಾರ್ಚು,
ಒಬ್ಬರಿಗಾಗುವಷ್ಟು ಅವಲಕ್ಕಿ, ಅಮೃತಾಂಜನ.
ನಿಮ್ಮದರಲ್ಲಿ ಒಂದು ತಟ್ಟೆ, ಒಂದು ಲೋಟ, ಒಂದು ಟಾರ್ಚು,
ಒಬ್ಬರಿಗಾಗುವಷ್ಟು ಅವಲಕ್ಕಿ.
ಅಮೃತಾಂಜನ ಕೂಡ!
ಎಷ್ಟೋ ವರ್ಷ ಒಬ್ಬೊಬ್ಬರೇ ಕಟ್ಟಿಕೊಂಡ ಚೀಲಗಳು,
ಮದುವೆಯ ಸುದ್ದಿ ಅವಕ್ಕೆ ಮುಟ್ಟಿರಲಿಲ್ಲ.
ಎರಡು ಚಾಕು, ಎರಡು ಸಾಬೂನು, ಎರಡು ಪೊಟ್ಟಣ ಉಪ್ಪು.
ಸ್ಟೋವು ನಿಮ್ಮದು, ಚಹಾಪುಡಿ ನನ್ನದು.
ಕಡ್ಡಿಪೆಟ್ಟಿಗೆ?

ನನ್ನ ಚೀಲ ತಲೆಕೆಳಗು ಮಾಡಿದೆ. ನೀವೂ ಮಾಡಿದಿರಿ.
"ನೀವು ತಂದಿರ್ತೀರಿ ಅಂದ್ಕೊಂಡೆ" ಎಂದೆ.
"ನಾನೂ... ನೀವು..." ಎಂದವರು ತಡೆದು,
"ನೀನು ತಂದಿರ್ತೀ ಅಂತ."

ಚಿಲ್ಲರೆ, ಕೊಡೆ, ಕೊನೆಯ ಬಸ್ಸಿನ ವೇಳೆ,
ಬೀಗದ ಎರಡನೆಯ ಕೀಲಿ
ಒಂದನ್ನೂ ಇಷ್ಟು ದಿನ ಮರೆತವಳಲ್ಲ.
ನಗು ಎಲ್ಲಿಂದ ಬಂತೋ; ಬಿಕ್ಕಳಿಕೆ ಹತ್ತುವ ತನಕ ನಕ್ಕೆ.
ನೀವು ನೀರು ಕೊಟ್ಟಿರಿ, ನಿಮ್ಮ ಲೋಟದಲ್ಲಿ.

ಅವಲಕ್ಕಿಯನ್ನು ಬೆಲ್ಲದ ನೀರಲ್ಲಿ ನೆನೆಸಿ ತಿಂದೆವು.
ಆಚೆ ದಡದಲ್ಲಿ ಮನೆಮನೆಯ ನಕ್ಷತ್ರದ ಬುಟ್ಟಿಗಳು,
ಈಚೆ ದೇವಗಡದ ದೀಪ ಹೊತ್ತುತ್ತ, ಆರುತ್ತ.
ಎಷ್ಟು ಎಣಿಸಿದರೆ ಮತ್ತೆ ಬರುತ್ತದೆಂದು ಕಲಿಸಿದಿರಿ;
ನನ್ನ ಎಣಿಕೆ ಪ್ರತಿಸಲವೂ ಒಂದು ಹೆಚ್ಚು.
ನಡುರಾತ್ರಿ ಇಗರ್ಜಿಯ ಗಂಟೆ ನೀರ ಮೇಲೆ ಅರ್ಧ ಬಂತು,
ಇನ್ನರ್ಧ ಗಾಳಿಯ ಪಾಲು.
ಡೇರೆಯೊಳಗಿನದನ್ನು ಬರೆಯುವುದಿಲ್ಲ.

ಬೆಳಗಾಯಿತು. ಒಂಬತ್ತಾಯಿತು. ಜುಜೆ ಇಲ್ಲ.
ಚಹಾ ಇಲ್ಲದೆ ನನ್ನ ತಲೆಯಲ್ಲಿ ಯಾರೋ ಮೊಳೆ ಹೊಡೆಯುತ್ತಿದ್ದರು.
ನೀವು ಬಂಡೆ ಹತ್ತಿ, ಹೋಗುವ ಒಂದೊಂದು ದೋಣಿಯ ಹೆಸರನ್ನೂ
ಹಾಜರಿ ಕರೆದಂತೆ ಕೂಗಿ ಹೇಳಿದಿರಿ.
ಎರಡೂ ಅಮೃತಾಂಜನ ಮುಗಿಯುತ್ತ ಬಂತು.

ಹನ್ನೆರಡೂವರೆಗೆ ಬಂದ, ಹೊಸ ಅಂಗಿ, ಕೆಂಪು ಕಣ್ಣು,
ಡಬ್ಬಿಯ ತುಂಬ ನೇವ್ರಿ, ದೋದೋಲು.
"ಫೆಸ್ತ್, ಬಾಯೆ" ಎಂದ. ಅಷ್ಟೇ ಅವನ ಕ್ಷಮಾಪಣೆ.
ಬೀಡಿ ತುಟಿಗಿಟ್ಟು ಕಡ್ಡಿ ಗೀರಿದ.
ಇಬ್ಬರೂ ಅವನ ಕೈಯನ್ನೇ ನೋಡುತ್ತ ನಿಂತೆವು.
ಪಾಪ, ಬೀಡಿ ಕೇಳುತ್ತಿದ್ದೇವೆಂದು ತಿಳಿದು
ಕಟ್ಟು ಮುಂದೆ ಹಿಡಿದ: "ಜಾಯ್?"

ಚಹಾ ಕುಡಿದದ್ದು ಧಕ್ಕೆಯ ಗೂಡಂಗಡಿಯಲ್ಲಿ.
ನಾನೇ ಮುಂದಾಗಿ ಎರಡು ಹೇಳಿದೆ,
ಸಕ್ಕರೆ ಸ್ವಲ್ಪ ಜಾಸ್ತಿ ಎಂದೆ.
ಪೂರ್ತಿ ಕುಡಿದು ಲೋಟ ಇಟ್ಟ ಮೇಲೆ ಹೇಳಿದಿರಿ,
ಸಕ್ಕರೆ ಬಿಟ್ಟು ಹದಿನೈದು ವರ್ಷವಾಯಿತೆಂದು.